ಬಾಳಾ, ಅಜ್ಜಾರಿಗೆ ಹೇಳು

ನಮ್ಮ ಕಾಲದಲ್ಲಿ ಸೊಸೆ ಮಾವನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಡಿ ಅಲ್ಲ, ಮರ್ಯಾದೆಗಾಗಿ. ಮಾವನವರು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಅಡುಗೆಮನೆಗೆ ಸರಿಯಬೇಕು. ಅವರು ಅಡುಗೆಮನೆಯ ಕಡೆ ಬರುವ ಮೊದಲು ಎರಡು ಸಲ ಕೆಮ್ಮಬೇಕು. ಮದುವೆಯಾಗಿ ಮೂರು ವರ್ಷ ಸಾಂಗಲಿಯ ಆ ಮನೆಯಲ್ಲಿ ಇಬ್ಬರೂ ಒಂದೇ ಒಲೆಯ ರೊಟ್ಟಿ ತಿಂದೆವು, ಒಂದೇ ಒಂದು ಮಾತು ಆಡಲಿಲ್ಲ. ಅವರ ಕೆಮ್ಮಿನಲ್ಲಿ ಎಷ್ಟು ಬಗೆಯಿತ್ತು ಎಂದು ಕೇಳಿದರೆ ಈಗಲೂ ಹೇಳಬಲ್ಲೆ. ಚಹಾ ಬೇಕಾದಾಗಿನ ಕೆಮ್ಮು ಬೇರೆ, ಸಾರಿಗೆ ಉಪ್ಪು ಹೆಚ್ಚಾದಾಗಿನ ಕೆಮ್ಮು ಬೇರೆ.

ಅವರು ಸಾಲಿಯ ಮಾಸ್ತರರು. ಹಗಲೆಲ್ಲ ಐವತ್ತು ಹುಡುಗರ ಮೇಲೆ ಒದರಿ ಮನೆಗೆ ಬಂದ ಮೇಲೆ ಬಾಯಿಗೆ ಬೀಗ ಹಾಕುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹುಡುಗರಿಂದ ನೂರು ಸಲ ಬರೆಸುತ್ತಿದ್ದರಂತೆ. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಬಂಗಾರಕ್ಕೆ ಕೊರತೆಯೇ ಇರಲಿಲ್ಲ.

ಮಗ ಹುಟ್ಟಿದ ಮೇಲೆ ನಮ್ಮಿಬ್ಬರಿಗೂ ಅನುಕೂಲವಾಯಿತು. ಕೂಸನ್ನು ನಡುವೆ ಇಟ್ಟುಕೊಂಡು ಏನು ಬೇಕಾದರೂ ಹೇಳಬಹುದಿತ್ತು. ಅದಕ್ಕೆ ಯಾರ ಅಡ್ಡಿಯೂ ಇಲ್ಲ, ಊರೆಲ್ಲ ಮಾಡುವುದೇ ಹಾಗೆ. "ಬಾಳಾ, ಅಜ್ಜಾರಿಗೆ ಹೇಳು, ನೀರ ಕಾದಾವು," ಎಂದು ನಾನು ತೊಟ್ಟಿಲಿಗೆ ಹೇಳುತ್ತಿದ್ದೆ. "ಬಾಳಾ, ನಿಮ್ಮವ್ವಗ ಹೇಳು, ಇವತ್ತ ಇಬ್ಬರು ಊಟಕ್ಕ ಬರತಾರ," ಎಂದು ಅವರು ಅದೇ ತೊಟ್ಟಿಲಿಗೆ ಹೇಳುತ್ತಿದ್ದರು. ಕೂಸು ಬೆರಳು ಚೀಪುತ್ತ ಮಲಗಿರುತ್ತಿತ್ತು. ಎರಡು ವರ್ಷದಲ್ಲಿ ಅದು ಒಂದು ಸುದ್ದಿಯನ್ನೂ ಯಾರಿಗೂ ಮುಟ್ಟಿಸಲಿಲ್ಲ, ಆದರೆ ಮನೆಯ ಕೆಲಸವೇನೂ ನಿಲ್ಲಲಿಲ್ಲ.

ಆ ವರ್ಷ ಪಂಚಮಿಗೆ ಮೊದಲು ಕೂಸು ಕಾದ ಹಂಚಿನ ಮೇಲೆ ಅಂಗೈ ಇಟ್ಟಿತು. ನಾನು ಆಗ ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಒಲೆಯ ಮುಂದೆ ಕುಳಿತಿದ್ದವರು ಅತ್ತೆಯವರು. ಹೀಗಿದ್ದ ಮೇಲೆ ತಪ್ಪು ನನ್ನದೇ ಎಂದು ಬೇರೆ ಹೇಳಬೇಕಾಗಿಲ್ಲ.

"ಹಡದ್ರ ಆತೇನು, ಸಂಭಾಳಸೂದು ಬ್ಯಾಡೇನು?" ಎಂದರು ಅತ್ತೆಯವರು. "ಇನ್ನೊಮ್ಮೆ ಈ ಕೂಸಿನ ಮೈಮ್ಯಾಲೆ ಒಂದ ಗೆರಿ ಕಂಡ್ರ, ಕೂಸು ನನ್ನ ಹಾಸಿಗ್ಯಾಗ ಮಲಗತೈತಿ. ನೀ ರೊಟ್ಟಿ ಬಡಕೋತ ಕೂಡು, ಸಾಕು."

ಅದು ಬರೀ ಸಿಟ್ಟಿನ ಮಾತಲ್ಲ. ಓಣಿಯ ತುದಿಯ ಮನೆಯಲ್ಲಿ ಹಾಗೆಯೇ ಆಗಿತ್ತು. ಅಲ್ಲಿಯ ಅತ್ತೆ ಮೊಮ್ಮಗನನ್ನು ತನ್ನ ಬಗಲಿಗೆ ಹಾಕಿಕೊಂಡಳು, ಹುಡುಗ ಅಜ್ಜಿಯನ್ನೇ ಅವ್ವ ಎಂದು ಕರೆಯಲು ಕಲಿತ, ಹಡೆದವಳನ್ನು ಹೆಸರು ಹಿಡಿದು ಕೂಗುತ್ತಿದ್ದ. ಆಕೆ ಓ ಅನ್ನುತ್ತಿದ್ದಳು. ನಾನು ಅದನ್ನು ದಿನಾ ಕೇಳುತ್ತಿದ್ದೆ.

ಪಂಚಮಿ ಎಂಬ ನೆಪ ಸಿಕ್ಕಿತು, ತವರಿಗೆ ಹೋದೆ. ಅಥಣಿ ಕಡೆಯ ಸಣ್ಣ ಊರು. ಪಂಚಮಿಗೆ ಹೋದವಳು ದಸರೆ ಮುಗಿದರೂ ಬರಲಿಲ್ಲ. ನಮ್ಮವರು ಕಾರ್ಡು ಬರೆದರು: ಅವ್ವ ಕರೆದುಕೊಂಡು ಬಾ ಎನ್ನುತ್ತಾಳೆ, ನನಗೆ ರಜೆ ಸಿಗುವುದಿಲ್ಲ, ಅಪ್ಪ ಬರುತ್ತಾನೆ, ಕೂಸನ್ನು ಜೋಪಾನವಾಗಿ ತರಬೇಕು, ಅವ್ವ ಅಂದದ್ದು ನೆನಪಿದೆಯಲ್ಲ. ಅವರಿಗೆ ಸಿಗದೆ ಇದ್ದದ್ದು ರಜೆ ಅಲ್ಲ, ಧೈರ್ಯ. ಹೆಂಡತಿಗೂ ತಾಯಿಗೂ ನಡುವೆ ನಿಲ್ಲುವುದಕ್ಕಿಂತ ಕಚೇರಿಯಲ್ಲಿ ನಿಲ್ಲುವುದು ಅವರಿಗೆ ಹಗುರ ಅನ್ನಿಸಿರಬೇಕು.

ಹೀಗೆ ನನ್ನನ್ನು ಕರೆಯಲು ಮಾವನವರು ಬಂದರು. ಕರೆಯಲು ಎಂಬುದು ಬರೀ ನೆಪ, ಅವರು ಬಂದದ್ದು ಸಾಕ್ಷಿಗೆ. ಕೂಸು ತವರಿನಿಂದ ಹೇಗೆ ಹೊರಟಿತು, ಸಾಂಗಲಿಗೆ ಹೇಗೆ ಮುಟ್ಟಿತು ಎಂಬುದಕ್ಕೆ ಅತ್ತೆಯವರು ಕಳಿಸಿದ ಸಾಕ್ಷಿ. ಮಾತಾಡದ ಸಾಕ್ಷಿ.

ಹೊರಡುವ ದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಅಂಗೈಯಿಂದ ಅಂಗಾಲಿನವರೆಗೆ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೆರೆ ಇಲ್ಲ. ಅಂಗೈಯ ಸುಟ್ಟ ಗಾಯ ಕೂಡ ಮಾಯ್ದು ಗುಲಾಬಿ ಬಣ್ಣಕ್ಕೆ ಬಂದಿತ್ತು. ಹೀಗೇ ಒಯ್ದು ಅತ್ತೆಯವರ ಮುಂದೆ ನಿಲ್ಲಿಸಿಬಿಟ್ಟರೆ ಗೆದ್ದೆ ಅಂದುಕೊಂಡೆ. ಬೇಕಾದದ್ದು ಒಂದೇ ಹಗಲು.

ಈಗಿನವರು ಆ ದಾರಿಯನ್ನು ಒಂದು ನಿದ್ದೆಯಲ್ಲಿ ಮುಗಿಸುತ್ತಾರೆ. ಆಗ ಸಲಗರೆಯವರೆಗೆ ಚಕ್ಕಡಿ, ಸಲಗರೆಯಿಂದ ಮಿರಜದವರೆಗೆ ಮೋಟಾರು, ಮಿರಜದಿಂದ ಸಾಂಗಲಿಗೆ ಟಾಂಗಾ. ಇದರ ನಡುವೆ ಇಂಗ್ರೇಜರ ಹದ್ದು ಎಲ್ಲಿ ಮುಗಿಯಿತು, ಮಿರಜದವರದು ಎಲ್ಲಿ ಸುರುವಾಯಿತು, ಸಾಂಗಲಿಯವರದು ಎಲ್ಲಿ ನುಗ್ಗಿತು, ದೇವರಿಗೂ ಗೊತ್ತಿರಲಿಲ್ಲ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ಸಂಸ್ಥಾನಗಳು. ಮಿರಜ ಎಂದರೆ ಅದೂ ಒಂದಲ್ಲ, ಹಿರಿಯ ಪಾತಿ, ಕಿರಿಯ ಪಾತಿ ಎಂದು ಎರಡು. ಒಬ್ಬೊಬ್ಬರ ಹದ್ದಿಗೂ ಒಂದು ಜಕಾತಿ ನಾಕಾ, ಸುಂಕದ ಕಟ್ಟೆ. ಹೇಳಿ ಕೇಳಿ ಲಡಾಯಿಯ ಕಾಲ, ಕಾಳುಕಡಿ ಹದ್ದು ದಾಟಬಾರದು ಎಂಬ ಹುಕುಂ ಬೇರೆ. ಪ್ರತಿ ನಾಕಾದಲ್ಲೂ ಇಳಿ, ಗಂಟು ಬಿಚ್ಚು, ತೋರಿಸು, ಕಟ್ಟು, ಹತ್ತು.

ಚಕ್ಕಡಿಯಲ್ಲಿ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದರೆ ಕೂಸು ಎರಡು ಸಲ ಕಾರಿಕೊಂಡಿತು, ಒಂದು ಸಲ ಎತ್ತಿನ ಬಾಲ ಹಿಡಿಯಲು ಹೋಯಿತು, ಮಾವನವರ ಕೊಡೆಯನ್ನು ರಸ್ತೆಗೆ ಎಸೆಯಿತು. "ಬಾಳಾ, ನಿಮ್ಮವ್ವಗ ಹೇಳು, ಬಿಸಲ ಮಾರಿಗೆ ಬೀಳಾಕತ್ತೈತಿ," ಎಂದರು ಮಾವನವರು. "ಬಾಳಾ, ಅಜ್ಜಾರಿಗೆ ಹೇಳು, ಕೊಡಿ ಬಿಚ್ಚಿದ್ರ ಬೀಳೂದಿಲ್ಲ ಅಂತ," ಎಂದೆ ನಾನು. "ಬ್ಯಾಡ," ಎಂದಿತು ಕೂಸು. ಅದಕ್ಕೆ ಬರುತ್ತಿದ್ದ ಐದಾರು ಮಾತುಗಳಲ್ಲಿ ಬ್ಯಾಡ ಎಂಬುದೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು.

ಸಲಗರೆಯಲ್ಲಿ ಮೋಟಾರು ಹತ್ತಿದೆವು. ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ಮೋಟಾರಿನ ಬೆನ್ನಿಗೆ ಒಂದು ದೊಡ್ಡ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಲಿ ಉರಿಸಿ, ಆ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ಮರ್ಯಾದೆಯ ಮಾತು. ಕ್ಲೀನರನು ಹಿಂದೆ ನಿಂತು ಹಿಡಿಕೆ ತಿರುವುತ್ತಲೇ ಇದ್ದರೆ ಅದು ನಡೆಯುತ್ತಿತ್ತು, ಅವನಿಗೆ ದಣಿವಾದರೆ ಅದಕ್ಕೂ ದಣಿವಾಗುತ್ತಿತ್ತು. ಹೆಂಗಸರು ಕೂಡ್ರುವ ಬಾಕು ಎಲ್ಲಕ್ಕಿಂತ ಹಿಂದೆ, ಸರಿಯಾಗಿ ಆ ಪೀಪಾಯಿಗೆ ಬೆನ್ನು ಹಚ್ಚಿ. ಗಂಡಸರು ಮುಂದೆ. ನಡುವೆ ಚೀಲಗಳು, ಕೋಳಿಬುಟ್ಟಿ, ಕಂಬಳಿ ಹೊದ್ದ ಕುರುಬರ ಮುದುಕರು. ನನಗೆ ಮಾವನವರು ಕಾಣುತ್ತಿರಲಿಲ್ಲ, ಅವರ ತಲೆಯ ರುಮಾಲು ಮಾತ್ರ ಕಾಣುತ್ತಿತ್ತು.

ಕೂಸು ನನ್ನ ಹತ್ತಿರ ಐದು ನಿಮಿಷ ಕೂಡ್ರುತ್ತಿತ್ತು, "ಅಜ್ಜಾ" ಎಂದು ರಾಗ ತೆಗೆಯುತ್ತಿತ್ತು. ಆಗ ನಡುವಿನ ಜನ ಅದನ್ನು ತುಂಬಿದ ಕೊಡ ದಾಟಿಸಿದ ಹಾಗೆ ಕೈಯಿಂದ ಕೈಗೆ ದಾಟಿಸಿ ಮುಂದೆ ಕಳಿಸುತ್ತಿದ್ದರು. ಅಲ್ಲಿ ಐದು ನಿಮಿಷ. ಆಮೇಲೆ "ಅವ್ವಾ". ಮತ್ತೆ ಕೈಯಿಂದ ಕೈಗೆ ಹಿಂದೆ. ನಾಲ್ಕನೆಯ ಸುತ್ತಿಗೆ ಒಬ್ಬ ಮುದುಕ, "ಇದರದೂ ಒಂದು ತಿಕೀಟು ತಗೀರಿ, ಹೋಗೂದೊಂದು ಬರೂದೊಂದು," ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೆನ್ನು ಸುಡುತ್ತಿತ್ತು, ಸೀರೆಗೆ ಕಾರಿದ ವಾಸನೆ, ಪ್ರತಿ ಸಲ ಕೂಸು ಕೈಗೆ ಬಂದಾಗಲೂ ಎಲ್ಲಿಯಾದರೂ ತರಚಿತೇ ಎಂದು ಮೈ ತಡವಿ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಒಂದು ನಾಕಾ ಬಂತು. ಯಾರದು ಎಂದು ನನಗೆ ಈಗಲೂ ಗೊತ್ತಿಲ್ಲ. ಒಂದು ಹಂಚಿನ ಕೋಣೆ, ಒಂದು ಮೇಜು, ಸುತ್ತ ಜಾಲಿಮುಳ್ಳಿನ ಬೇಲಿ, ಹಿಂದೆ ಬಾವಿ. ಎಲ್ಲರೂ ಇಳಿದೆವು, ಗಂಡಸರು ಆ ಕಡೆ, ಹೆಂಗಸರು ಈ ಕಡೆ. ಸಿಪಾಯಿ ನನ್ನ ಗಂಟು ಬಿಚ್ಚಿದ. ತವರಿನ ಶೇಂಗಾ ಉಂಡಿ, ಚಟ್ನಿಪುಡಿ, ಕೂಸಿನ ಅಂಗಿ, ಕುಂಚಿಗೆ ಎಲ್ಲ ಧೂಳಿಗೆ ಬಂದವು. ಉಂಡಿಯಲ್ಲಿ ಜೋಳ ಅಡಗಿಸಿದ್ದೇನೋ ಎಂಬಂತೆ ಒಂದನ್ನು ಮುರಿದು ನೋಡಿದ, ಆಮೇಲೆ ತಿಂದ. ನಾನು ಸಿಟ್ಟು ನುಂಗಿಕೊಂಡು ಗಂಟು ಕಟ್ಟತೊಡಗಿದೆ. ಅಷ್ಟರಲ್ಲಿ ಮಾವನವರು ದೂರದಿಂದಲೇ ಬೆರಳು ಚಾಚಿದರು, ಕೂಸು ಓಡಿಹೋಗಿ ಆ ಬೆರಳು ಹಿಡಿಯಿತು. ಒಂದಕ್ಕೆ ಕೂಡ್ರಿಸಲು ಬೇಲಿಯ ಕಡೆ ಕರೆದೊಯ್ದರು. ನಾನು ಕಣ್ಣಾರೆ ಕಂಡದ್ದು ಅಷ್ಟು.

ನಾನು ಕಾಣದೆ ಇದ್ದದ್ದು ಅದರ ಮುಂದಿನದು. ಒಂದಕ್ಕೆ ಮುಗಿದ ಮೇಲೆ ಅವರು ಕೂಸನ್ನು ನನ್ನ ಕಡೆ ತಿರುಗಿಸಿ, "ಹೋಗು, ನಿಮ್ಮವ್ವನ ಕಡೆ ಹೋಗು," ಎಂದು ಬೆನ್ನು ತಟ್ಟಿ ಬಿಟ್ಟಿದ್ದರು. ಹೆಂಗಸರು ಗಂಟು ಬಿಚ್ಚಿಕೊಂಡು ಕುಳಿತಲ್ಲಿಗೆ ತಾವು ಬರುವ ಹಾಗಿಲ್ಲ, ಮರ್ಯಾದೆ. ಹೋಯಿತೋ ಇಲ್ಲವೋ ಎಂದು ತಿರುಗಿ ನೋಡುವ ಹಾಗೂ ಇಲ್ಲ, ಅದೂ ಮರ್ಯಾದೆ. ಅವರು ಬೆನ್ನು ತಿರುಗಿಸಿ ಮೋಟಾರು ಹತ್ತಿದರು. ಕ್ಲೀನರ, "ಹತ್ರಿ, ಹತ್ರಿ, ಗ್ಯಾಸ ಆರತೈತಿ," ಎಂದು ಗದ್ದಲ ಎಬ್ಬಿಸಿದ. ನಾನು ಗಂಟು ಎದೆಗೆ ಅವಚಿಕೊಂಡು ಹಿಂದಿನಿಂದ ಹತ್ತಿದೆ. ರುಮಾಲು ತನ್ನ ಜಾಗದಲ್ಲಿ ಕಂಡಿತು, ಸಾಕು ಅಂದುಕೊಂಡೆ.

ಮೋಟಾರು ಹೊರಟಿತು. ಕೂಸಿನ ರಾಗ ಇಲ್ಲ. ಅಜ್ಜನ ತೊಡೆಯ ಮೇಲೆ ನಿದ್ದೆ ಹೋಗಿರಬೇಕು ಅಂದುಕೊಂಡೆ. ಅವ್ವನ ಮಡಿಲಲ್ಲಿ ನಿದ್ದೆ ಹೋಗಿರಬೇಕು ಎಂದು ಅವರು ಅಂದುಕೊಂಡರು. ಆ ದಿನ ಮೊದಲ ಸಲ ನಾನು ಕಾಲು ಚಾಚಿ ಕುಳಿತೆ. ಸುಳ್ಳು ಯಾಕೆ ಹೇಳಲಿ, ಬಹಳ ಸುಖ ಅನ್ನಿಸಿತು.

ಸ್ವಲ್ಪ ಹೊತ್ತಾದ ಮೇಲೆ, ಹಸಿದಿರಬಹುದೇನೋ, ಕೇಳೋಣ ಅನ್ನಿಸಿತು. ಕೇಳುವುದು ಹೇಗೆ? ಯಾವಾಗಲೂ ಕೇಳುವ ಹಾಗೆಯೇ. "ಬಾಳಾ, ಅಜ್ಜಾರಿಗೆ ಹೇಳು, ಹಸಿವಾಗಿದ್ರ ಉಂಡಿ ಕೊಟ್ಟ ಕಳಸ್ತೀನಂತ," ಎಂದು ಮುಂದೆ ಕೇಳುವಷ್ಟು ಗಟ್ಟಿಯಾಗಿ ಅಂದೆ.

ರುಮಾಲು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಬಾಳಾ, ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ. ಮಿರಜ ಮುಟ್ಟಿದ ಮ್ಯಾಲೆ ನೋಡೂಣು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಎಂದು ಗಾದೆಯಿದೆ. ನಮ್ಮದು ಅದರ ಉಲ್ಟಾ. ಕೂಸು ಅವರ ತೊಡೆಯ ಮೇಲೆ ಇರಲಿಲ್ಲ, ನನ್ನ ಮಡಿಲಲ್ಲೂ ಇರಲಿಲ್ಲ. ಇಬ್ಬರೂ ಇಲ್ಲದ ಕೂಸಿಗೆ ಹೇಳಿ ಹೇಳಿ ಮಾತಾಡಿದೆವು. ನಾನು "ಬಾಳಾ" ಎಂದದ್ದು ಕೇಳಿ ಅವರಿಗೆ ಸಮಾಧಾನ, ಅವರು "ಬಾಳಾ" ಎಂದದ್ದು ಕೇಳಿ ನನಗೆ ಸಮಾಧಾನ. ಹೀಗೆ ಇನ್ನೂ ಎರಡು ಮಾತು ಹೋದವು, ಎರಡು ಬಂದವು.

ಮುಂದೆ ಒಂದು ದಿನ್ನೆ ಬಂತು. ಮೋಟಾರು ಏದುಸಿರು ಬಿಟ್ಟು ನಿಂತಿತು. "ಗಂಡಸ್ರೆಲ್ಲ ಇಳೀರಿ, ದಬ್ಬಬೇಕು," ಎಂದ ಡ್ರೈವರ. ಮಾವನವರೂ ಇಳಿದರು. ಕೊಡೆಯನ್ನು ಕೊರಳ ಪಟ್ಟಿಗೆ ಸಿಕ್ಕಿಸಿಕೊಂಡು ಸರಿಯಾಗಿ ನನ್ನ ಕಿಡಕಿಯ ಕೆಳಗೆ ಬಂದು ಎರಡೂ ಕೈ ಮೋಟಾರಿಗೆ ಹಚ್ಚಿದರು. ಎರಡೂ ಕೈ.

ನಾನು ಆ ಕೈಗಳನ್ನು ನೋಡಿದೆ. ಅವರು ತಲೆ ಎತ್ತಿ ನನ್ನ ಮಡಿಲನ್ನು ನೋಡಿದರು. ಅಲ್ಲಿ ಗಂಟು ಇತ್ತು. ಮೂರು ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. ಅವರ ತುಟಿ ಅಲುಗಿತು. ಕಣ್ಣು ಅತ್ತ ಇತ್ತ ಏನನ್ನೋ ಹುಡುಕಿತು. ಆಮೇಲೆ ಎಷ್ಟೋ ಸಲ ವಿಚಾರ ಮಾಡಿದ್ದೇನೆ, ಆ ಮನುಷ್ಯ ಆಗ ಹುಡುಕಿದ್ದು ಕೂಸನ್ನೇ. ಕೂಸು ಎಲ್ಲಿ ಎಂದು ನನ್ನನ್ನು ಕೇಳಲು ಅವರಿಗೆ ಕೂಸು ಬೇಕಾಗಿತ್ತು.

"ಮಾವಾರ, ಕೂಸೆಲ್ಲೈತ್ರಿ?"

ಮೋಟಾರಿನ ಜನವೆಲ್ಲ ತಿರುಗಿ ನೋಡಿತು. ಸೆರಗು ತಲೆಯ ಮೇಲೆ ಇರಲಿಲ್ಲ. ಹೇಗೆ ಇಳಿದೆನೋ ನನಗೆ ನೆನಪಿಲ್ಲ, ಆಗಲೇ ಹಿಂದಿನ ದಾರಿ ಹಿಡಿದು ಓಡುತ್ತಿದ್ದೆ. ಕ್ಲೀನರ ಹಿಂದಿನಿಂದ, "ಗ್ಯಾಸ ಆಗಾಕ ಅರ್ಧ ತಾಸ ಬೇಕ್ರಿ, ಹೋಗಿ ಬರ್ರಿ," ಎಂದು ಕೂಗಿದ್ದು ಕೇಳಿತು. ಮೋಟಾರು ಅಷ್ಟು ಹೊತ್ತು ನಡೆದರೂ ಒಂದು ಒಂದೂವರೆ ಮೈಲಿಗಿಂತ ಹೆಚ್ಚು ಬಂದಿರಲಿಲ್ಲ. ಇದ್ದಲಿಗೆ ನಾನು ಕೈಮುಗಿದದ್ದು ಅದೇ ಒಂದು ಸಲ.

ಓಡುವಾಗ ಮೊದಲು ನೆನಪಾದದ್ದು ಅತ್ತೆಯವರ ಮಾತು. ಹೋಯಿತು, ಇನ್ನು ಕೂಸು ಅವರ ಹಾಸಿಗೆಗೆ, ನನಗೆ ರೊಟ್ಟಿ ಬಡಿಯುವುದು. ಹಾಗೆ ವಿಚಾರ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ, ಆದರೆ ಬಂದದ್ದು ಹಾಗೆಯೇ. ಎರಡನೆಯದಾಗಿ ನೆನಪಾದದ್ದು ನಾಕಾದ ಹಿಂದಿನ ಬಾವಿ. ಅದಕ್ಕೆ ಕಟ್ಟೆ ಇತ್ತೋ ಇರಲಿಲ್ಲವೋ, ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ. ಆಮೇಲೆ ಅತ್ತೆಯೂ ಇಲ್ಲ, ಹಾಸಿಗೆಯೂ ಇಲ್ಲ. ಯಾರ ಹಾಸಿಗೆಯಲ್ಲಿಯಾದರೂ ಮಲಗಲಿ, ಯಾರನ್ನಾದರೂ ಅವ್ವ ಅನ್ನಲಿ, ಬಾವಿಯ ಕಡೆ ಮಾತ್ರ ಹೋಗಿರಬಾರದು ಎಂದು ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಳ್ಳುತ್ತ ಓಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದೆ ಎಲ್ಲೋ ದೂರದಲ್ಲಿ ಮಾವನವರ ಚಪ್ಪಲಿಯ ಸಪ್ಪಳ ಬರುತ್ತಿತ್ತು.

ಕೂಸು ನಾಕಾದ ಮೇಜಿನ ಕೆಳಗೆ ಕುಳಿತಿತ್ತು. ಅಲ್ಲಿ ಒಂದು ಆಡಿನ ಮರಿ ಕಟ್ಟಿದ್ದರು. ಬೇಲಿಯ ಸಂದಿಯಲ್ಲಿ ಆ ಮರಿಯನ್ನು ಕಂಡೇ ನುಸುಳಿ ಹೋಗಿತ್ತಂತೆ. ಮರಿಯ ಕೊರಳು ತಬ್ಬಿಕೊಂಡು, ಮರಿಯ ಬಾಯಿಯ ಸೊಪ್ಪನ್ನು ಕಸಿಯುತ್ತ, ಲೋಕದ ಪರಿವೆ ಇಲ್ಲದೆ ಕುಳಿತಿತ್ತು. ನಾನು ಮೇಜಿನ ಕೆಳಗೆ ತೂರಿ ಕೈ ಚಾಚಿದೆ. ಕೂಸು ನನ್ನನ್ನು ನೋಡಿತು, ಮರಿಯನ್ನು ನೋಡಿತು.

"ಬ್ಯಾಡ," ಎಂದಿತು.

ಮೇಜಿನ ಮುಂದೆ ಬರೆಯುತ್ತ ಕುಳಿತಿದ್ದ ಕಾರಕೂನ ಲೇಖನಿ ಕೆಳಗಿಟ್ಟ. "ಕೋಣಾಚಾ ಪೋರ ಹಾ?" ಎಂದು ಮರಾಠಿಯಲ್ಲಿ ಕೇಳಿದ. ಯಾರ ಹುಡುಗ ಎಂದರೆ ಏನು ಹೇಳಲಿ, ನನ್ನ ಹುಡುಗ ಎಂದೆ. ಹುಡುಗ ಬ್ಯಾಡ ಅನ್ನುತ್ತಾನಲ್ಲ ಎಂದ. ಅವನಿಗೂ ತಪ್ಪು ಹೇಳುವ ಹಾಗಿಲ್ಲ. ತಲೆ ಕೆದರಿಕೊಂಡು, ಬರಿಗಾಲಲ್ಲಿ, ಏದುಸಿರು ಬಿಡುತ್ತ ಬಂದ ಹೆಂಗಸಿನ ಕೈಗೆ ಯಾರು ಸುಮ್ಮನೆ ಕೂಸು ಕೊಡುತ್ತಾರೆ? ಹುಡುಗನ ಅಪ್ಪನ ಹೆಸರು ಹೇಳು, ಬರೆದುಕೊಂಡು ಕೊಡುತ್ತೇನೆ ಎಂದ.

ಗಂಡನ ಹೆಸರು. ಮೋಟಾರು ತುಂಬ ಜನರ ಮುಂದೆ ಮಾವನನ್ನು ಕೂಗಿ ಕರೆದ ಬಾಯಿ ಅಲ್ಲಿಗೆ ಬಂದು ಕಟ್ಟಿಕೊಂಡಿತು. ಹೆಸರು ನಾಲಿಗೆಯ ತುದಿಯಲ್ಲಿದೆ, ಹೊರಗೆ ಬರುತ್ತಿಲ್ಲ. ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ರಜೆ ಸಿಗದ ಗಂಡನ ಮೇಲೆ ಎಷ್ಟು ಸಿಟ್ಟಿದ್ದರೂ ಅಷ್ಟಕ್ಕೆ ಮನಸ್ಸು ಬರಲಿಲ್ಲ. ನಾನು ನೆಲ ನೋಡುತ್ತ ನಿಂತೆ, ಕಾರಕೂನನ ಅನುಮಾನ ಗಟ್ಟಿಯಾಯಿತು.

ಅಷ್ಟರಲ್ಲಿ ಮಾವನವರು ಬಂದರು. ರುಮಾಲು ಬಿಚ್ಚಿ ಕೊರಳಿಗೆ ಬಿದ್ದಿತ್ತು. ಬಾಗಿಲ ಕಂಬ ಹಿಡಿದುಕೊಂಡು, ಉಸಿರಿಗೊಂದು ಅಕ್ಷರದಂತೆ ಮಗನ ಹೆಸರು, ತಮ್ಮ ಹೆಸರು, ಮನೆತನದ ಹೆಸರು, ಊರು, ಓಣಿ ಎಲ್ಲ ಹೇಳಿದರು. ಕಾರಕೂನ ಬರೆದುಕೊಂಡ. ನಾನು ಮರಿಯ ಕೊರಳಿನಿಂದ ಕೂಸಿನ ಕೈ ಬಿಡಿಸಿ ಎತ್ತಿಕೊಂಡೆ. ಎಡಗೆನ್ನೆಯ ಮೇಲೆ, ಕಣ್ಣಿನಿಂದ ಒಂದು ಬೆರಳು ಕೆಳಗೆ, ಜಾಲಿಮುಳ್ಳು ಎಳೆದ ಕೆಂಪು ಗೆರೆ.

ಒಂದು ಗೆರೆ.

ನನ್ನ ತಲೆಯಲ್ಲಿ ಏನೋ ಕಡಿದುಹೋಯಿತು. ಮಾವ, ಮಾಸ್ತರ, ಹಿರಿಯ ಎಂಬುದೇನೂ ಕಾಣಲಿಲ್ಲ. "ಬಾಯಿ ಇಲ್ಲೇನ್ರಿ ನಿಮಗ?" ಎಂದೆ. "ಬಾಯಿ ಇಲ್ಲೇನ್ರಿ? ಕೂಸ ಬಂತೇನ ಅಂತ ಒಂದ ಮಾತ ಕೇಳಿದ್ರ ಏನ ಗಂಟ ಹೋಗತಿತ್ತ್ರಿ? ಬಾವಿ ಐತಿ ಅಲ್ಲೆ, ಬಾವಿ. ಬಾಯಿ ಇಲ್ಲೇನ್ರಿ?" ಅಳುತ್ತ ಅಂದೆ, ಮತ್ತೆ ಮತ್ತೆ ಅಂದೆ. ಕೂಸು ನನ್ನ ಬಾಯಿಯನ್ನೇ ನೋಡುತ್ತಿತ್ತು.

ಮಾವನವರು ರುಮಾಲನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಬೋಳುತಲೆಯ ಆ ಮುದುಕನನ್ನು ನಾನು ಅದಕ್ಕೂ ಮೊದಲು ನೋಡಿರಲೇ ಇಲ್ಲ. ನೆಲ ನೋಡುತ್ತ, "ನಿನಗೂ ಇತ್ತಲ್ಲವಾ," ಎಂದರು.

ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೋಟಾರಿನ ದಾರಿ ಹಿಡಿದೆ.

ಮೋಟಾರು ಕಾಯುತ್ತಿತ್ತು. ಕಾಯುತ್ತಿತ್ತು ಎಂದರೆ ಅದಕ್ಕೆ ಇನ್ನೂ ಗ್ಯಾಸು ಆಗಿರಲಿಲ್ಲ. ಜನ ನಮ್ಮನ್ನು ನೋಡಿ ಏನೇನೋ ಕೇಳಿದರು, ನಾವು ಹೇಳಲಿಲ್ಲ. ಮಿರಜದವರೆಗೆ ಕೂಸನ್ನು ಕೆಳಗೆ ಇಳಿಸಲಿಲ್ಲ, ಮುಂದೆ ಕಳಿಸಲಿಲ್ಲ. ಗೆರೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಅದು ಇನ್ನಷ್ಟು ಹೊಳೆಯಿತು.

ಮಿರಜದಲ್ಲಿ ಟಾಂಗಾ ಹಿಡಿದೆವು. ಟಾಂಗಾದ ಒಂದು ಗುಣ ಎಂದರೆ ಅದರಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂಡ್ರಬಹುದು. ನಮ್ಮಂಥವರಿಗಾಗಿಯೇ ಮಾಡಿದ ಗಾಡಿ. ಅವರು ಮುಂದೆ ಟಾಂಗಾವಾಲಾನ ಪಕ್ಕ, ನಾನು ಮತ್ತು ಕೂಸು ಹಿಂದೆ. ವಿಶ್ರಾಮಬಾಗದ ಹತ್ತಿರ ಬರುವವರೆಗೆ ಕುದುರೆಯದೊಂದೇ ಮಾತು. ಅಲ್ಲಿ ಆಗ ಈಗಿನ ಹಾಗೆ ಅಂಗಡಿ ಮನೆಗಳ ಸಾಲು ಇರಲಿಲ್ಲ, ಎರಡೂ ಬದಿಗೆ ಹೊಲ. ಆ ಬಯಲಲ್ಲಿ ಮಾವನವರು ಕೆಮ್ಮಿದರು. ನಾನು ಅದುವರೆಗೆ ಕೇಳದಿದ್ದ ಕೆಮ್ಮು.

"ಬಾಳಾ," ಎಂದರು, "ನಿಮ್ಮವ್ವಗ ಹೇಳು. ಮುಳ್ಳ ತಾಗೇತಿ ಅಂತ ಅಂದ್ರ ಸಾಕು. ಎಲ್ಲಿ, ಹೆಂಗ ಅಂತ ಹೇಳೂದು ಬ್ಯಾಡ."

ನಾನು ಕೂಸಿನ ತಲೆ ಸವರಿದೆ. "ಬಾಳಾ, ಅಜ್ಜಾರಿಗೆ ಹೇಳು. ನಾಕಾದಾಗ ಯಾರೂ ಯಾರಿಗೂ ಏನೂ ಅಂದಿಲ್ಲ."

"ಬಾಳಾ, ನಿಮ್ಮವ್ವಗ ಹೇಳು, ನನಗೂ ಏನೂ ಕೇಳಿಲ್ಲ."

ಹೀಗೆ ಒಪ್ಪಂದವಾಯಿತು. ಸಂಸ್ಥಾನಿಕರ ನಡುವೆ ಆಗುವ ಒಪ್ಪಂದದ ಹಾಗೆ, ಇಬ್ಬರ ಮಾನವೂ ಉಳಿಯುವಂಥದ್ದು. ಕೂಸು ಶೇಂಗಾ ಉಂಡಿ ನೆಕ್ಕುತ್ತ ಎಲ್ಲವನ್ನೂ ಕೇಳಿಸಿಕೊಂಡಿತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆಯವರು ಬಾಗಿಲಲ್ಲೇ ಇದ್ದರು. ರೊಟ್ಟಿಯ ತುಣುಕು, ತಂಬಿಗೆ ನೀರು ತಂದು ಕೂಸಿನ ದೃಷ್ಟಿ ಇಳಿಸಿ ಬೀದಿಗೆ ಒಗೆದರು. ಆಮೇಲೆ ನಿಧಾನವಾಗಿ ಕಂದೀಲು ಎತ್ತಿ ಕೂಸಿನ ಮು‌ಖದ ಮುಂದೆ ಹಿಡಿದರು. ಬಲಗೆನ್ನೆ ನೋಡಿದರು. ಎಡಗೆನ್ನೆ ನೋಡಿದರು. ಕಂದೀಲು ಅಲ್ಲಿಯೇ ನಿಂತಿತು.

"ಏನಿದು?"

ನಮ್ಮವರು ಪಡಸಾಲೆಯಿಂದ ಒಂದು ಹೆಜ್ಜೆ ಬಂದವರು ಮತ್ತೆ ಒಳಗೆ ಸರಿದರು. ನಾನು ನೆಲ ನೋಡಿದೆ.  ಮಾವನವರು, "ಮುಳ್ಳ," ಎಂದರು, ಅಷ್ಟಕ್ಕೇ ನಿಂತರು.

"ಎಲ್ಲಿ ಮುಳ್ಳ? ಹೆಂಗ ತಾಗಿತು? ಯಾರ ಹಂತ್ಯಾಕ ಇತ್ತ ಕೂಸು?" ಎಂದರು ಅತ್ತೆಯವರು. ಆಮೇಲೆ ಕೂಸಿನ ಕಡೆ ಬಾಗಿದರು. "ದೊಡ್ಡವ್ರು ಯಾರೂ ಹೇಳವಲ್ರು. ಬಾಳಾ, ನೀನರ ಹೇಳೋ, ಏನಾತು?"

ಎರಡು ವರ್ಷದಿಂದ ಆ ಕೂಸಿನ ಕೈಯಲ್ಲಿ ಮನೆಯ ಸುದ್ದಿಯೆಲ್ಲ ಹೇಳಿ ಕಳಿಸಿದ್ದೆವು. ಒಂದನ್ನೂ ಅದು ಮುಟ್ಟಿಸಿರಲಿಲ್ಲ. ಆ ಸಂಜೆ ಅದು ಬಾಯಿಯಿಂದ ಬೆರಳು ತೆಗೆದು, ಅಜ್ಜನ ಕಡೆ ತಿರುಗಿ, ನನ್ನದೇ ರಾಗದಲ್ಲಿ, ಸ್ವಚ್ಛವಾಗಿ ಹೇಳಿತು.

"ಬಾಯಿ ಇಲ್ಲೇನ್ಲಿ?"

ಕಂದೀಲು ನನ್ನ ಮುಖದ ಕಡೆ ಬಂತು. "ಯಾರು ಅಂದ್ರು ಈ ಮಾತ? ಯಾರಿಗೆ ಅಂದ್ರು?"

ಮುಗಿಯಿತು ಅಂದುಕೊಂಡೆ. ಕೂಸನ್ನು ಇನ್ನೂ ಗಟ್ಟಿಯಾಗಿ ಅವಚಿದೆ. ಅದನ್ನು ನನ್ನ ಕೈಯಿಂದ ಕೀಳುವುದೊಂದೇ ಬಾಕಿ.

"ಆಕಿ ಅಂದಾಳ," ಎಂದರು ಮಾವನವರು. "ನನಗ ಅಂದಾಳ."

ಅವರು ಇನ್ನೂ ಅಂಗಳದಲ್ಲೇ ನಿಂತಿದ್ದರು, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕೊಡೆ. "ಕೂಸಿನ್ನ ನಾಕಾದಾಗ ಬಿಟ್ಟ ಬಂದಾಂವ ನಾ. ಬೆನ್ನ ತಟ್ಟಿ ಕಳಿಸಿದೆ, ಹೋತೋ ಇಲ್ಲೋ ತಿರುಗಿ ನೋಡಲಿಲ್ಲ. ಒಂದೂವರಿ ಮೈಲಿ ಬರಿಗಾಲಿಲೆ ಓಡಿ ತಂದಾಕಿ ಆಕಿ."

ಅಷ್ಟು ಉದ್ದ ಮಾತು ಅವರ ಬಾಯಿಂದ ಆ ಮನೆ ಕೇಳಿರಲಿಲ್ಲ. ಅತ್ತೆಯವರು ಕೂಸಿನ ವಿಷಯ ಬಿಟ್ಟರು. "ಸೊಸಿ ಮಾವಗ ಬಾಯಿ ಇಲ್ಲೇನ ಅಂದಳಾ?" ಎಂದರು.

"ಅಂದಳು," ಎಂದರು ಮಾವನವರು. "ಬೆಳಿಗ್ಗೇನ ಅಂದಿದ್ರ ಕೂಸು ಕಳೀತಿದ್ದಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ಕೂಸಿನ ಕಡೆ ಅಲ್ಲ, ನನ್ನ ಕಡೆ. "ಒಳಗ ನಡಿಯವಾ. ಕೂಸಿಗೆ ಉಣಿಸಿ ನಿನ್ನ ಹಂತ್ಯಾಕ ಮಲಗಿಸಿಕೋ."

ನಾನು ಹೊಸ್ತಿಲು ದಾಟಿದೆ. ಯಾರೂ ತಡೆಯಲಿಲ್ಲ. ಅತ್ತೆಯವರು ಕಂದೀಲು ಹಿಡಿದು ಅಲ್ಲೇ ನಿಂತಿದ್ದರು. ಗಂಡನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಹೆಗಲ ಮೇಲಿನ ಕೂಸಿನ ಬೆನ್ನನ್ನು ನೋಡುತ್ತ, ಬಿಗಿದ ದನಿಯಲ್ಲಿ ಅಂದರು.

"ಬಾಳಾ, ನಿಮ್ಮ ಅಜ್ಜಗ ಹೇಳು. ಕಾಲ ತೊಳಕೊಂಡ ಒಳಗ ಬರಬೇಕಂತ."

ಕೂಸು ಆಗಲೇ ನಿದ್ದೆ ಹೋಗಿತ್ತು. ಹಾಗಾಗಿ ನಾನೇ ತಿರುಗಿ ಹೇಳಿದೆ.

"ಮಾವಾರ, ಕಾಲ ತೊಳಕೊಂಡ ಒಳಗ ಬರಬೇಕಂತ್ರಿ."